ತಳ್ಳಿಕೊಂಡು ತಂದವರು

ಕೂಸು ನಿದ್ದೆಯಲ್ಲಿದ್ದರಷ್ಟೇ ವಿಮಾನ ಮೇಲಿರುತ್ತದೆ, ಎದ್ದರೆ ಇಳಿಯುತ್ತದೆ. ಹಾಗಾಗಿ ಬಾಳವ್ವ ಮೊಮ್ಮಗ ಮಾಂತುವನ್ನು ಎತ್ತಿಕೊಂಡು ಬಂದಾಗ ಜನ ಎದ್ದು ದಾರಿ ಬಿಟ್ಟರು. ಅಂದು ವಿಮಾನದಲ್ಲಿ ಅದೊಂದೇ ಕೂಸು. ದಿಲ್ಲಿಯಲ್ಲಿ ಆಪರೇಶನ್ ಆಗಿ ಮಲಗಿದ್ದ ತಾಯಿ ಅದರ ಮುಖ ನೋಡದೆ ತಿಂಗಳಾಗಿತ್ತು.

"ಕೂಸಿನ ತಳ್ಳುಗಾಡಿ ಕೆಳಗ ಇಡತೀವಿ, ಅಜ್ಜಿ," ಎಂದಳು ಗಗನಸಖಿ.

"ಇಟ್ಟರ ಇಂವ ಮಲಗಂಗಿಲ್ಲ, ತಂಗಿ. ಗಾಡಿ ಉರುಳತಿರಬೇಕು."

ಗಾಡಿ ಒಳಗೇ ಬಂತು. ಸೀಟುಗಳ ನಡುವೆ ಬಾಳವ್ವ ಅದನ್ನು ಮೆಲ್ಲಗೆ ತಳ್ಳಿದಳು. ಕೂಸು ಕಣ್ಣು ಮುಚ್ಚಿತು, ವಿಮಾನ ಮೇಲೆದ್ದಿತು. ಅರ್ಧ ದಾರಿಗೆ ಅವಳ ಮೊಣಕಾಲು ಸೋತವು. ಗಾಡಿ ನಿಂತಿತು, ಕೂಸು ಮಿಸುಕಿತು, ಕಿಟಕಿಯಲ್ಲಿ ಹೊಲಗಳು ದೊಡ್ಡವಾಗತೊಡಗಿದವು.

"ನೀವು ಕುಂದರ್ರಿ, ಯಮ್ಮಾ," ಎಂದು ಮೊದಲ ಸಾಲಿನ ಮೀಸೆಯವನು ಕೂತಲ್ಲಿಂದಲೇ ಗಾಡಿಯನ್ನು ಹಿಂದಿನವಳ ಕೈಗೆ ದಾಟಿಸಿದ. ಅವಳು ತನ್ನ ಹಿಂದಿನವರಿಗೆ ದಾಟಿಸಿದಳು. ಗಾಡಿ ಕೊನೆಯ ಸಾಲು ಮುಟ್ಟಿ ಮರಳಿ ಬಂತು, ಮತ್ತೆ ಹೋಯಿತು. ಮಾಂತುವನ್ನು ಬಿಟ್ಟು ಯಾರೂ ಮಲಗಲಿಲ್ಲ.

ದಿಲ್ಲಿ ಬಂದಾಗ ಬಾಳವ್ವ ಅವನ ಅಂಗಾಲಿಗೆ ಕಚಗುಳಿ ಇಟ್ಟಳು. ಕೂಸು ನಕ್ಕಿತು, ವಿಮಾನ ಮೆತ್ತಗೆ ಇಳಿಯಿತು.

ಮಗಳ ಮಗ್ಗುಲಲ್ಲಿ ಕೂಸನ್ನು ಮಲಗಿಸಿ ಬಾಳವ್ವ ಹೇಳಿದಳು: "ಇವನ್ನ ನಾ ಒಬ್ಬಾಕಿನ ಕರಕೊಂಡು ಬಂದಿಲ್ಲವ್ವ. ಹೆಸರೂ ಗೊತ್ತಿಲ್ಲದ ಮಂದಿ ತಳ್ಳಿಕೋತ ತಂದಾರ."