ಅಜ್ಜಿ ದಿನವೂ ಓದುತ್ತಿದ್ದ ಪುಟ

ಊರಿನವರನ್ನೆಲ್ಲ ಅಣಕಿಸುವುದೇ ದೊಡ್ಡ ವಿದ್ಯೆ ಅಂದುಕೊಂಡಿದ್ದ ಪೆದ್ದ ನಾನು. ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನನ್ನನ್ನೇ ಅಣಕಿಸುತ್ತಿದ್ದೆ. ಈಗಲೂ ಹುಣಸೂರಿನ ಕಡೆ ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬಿಸಿಯಲ್ಲಿ ಬೇಯುವ ಹೊಗೆಸೊಪ್ಪಿನ ವಾಸನೆ ಬಂದರೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂಗಳದಲ್ಲಿ ಅವ್ವ, ಅಕ್ಕ, ನಾನು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಕೈಯೆಲ್ಲ ಕಪ್ಪು ಅಂಟು. ಮಕ್ಕಳಿಗೆ ಬುದ್ಧಿ ಬರಲೆಂದು ಅಜ್ಜಿ ಪಕ್ಕದಲ್ಲಿ ಕೂತು ಪುರಾಣ ಓದುತ್ತಿದ್ದಳು: ಸುಡುಗಾಡು ಕಾಯುವ ರಾಜ, ಹಾವು ಕಚ್ಚಿ ಸತ್ತ ಮಗನನ್ನು ಅಲ್ಲಿಗೇ ಹೊತ್ತು ತಂದ ರಾಣಿ. ಆ ಪುಟಕ್ಕೆ ಬಂದಾಗ ದಿನವೂ ಸೆರಗಿನಲ್ಲಿ ಮೂಗೊರೆಸಿಕೊಂಡು, "ದೇವ್ರು ಪರೀಕ್ಷೆ ಮಾಡ್ತಾನೆ ಕಣ್ರಪ್ಪಾ, ಕೈ ಬುಡಾಕಿಲ್ಲ. ಮಗ ಎದ್ದು ಕೂತ" ಎನ್ನುತ್ತಿದ್ದಳು.

ಅವತ್ತು ನಾನು ತಲೆಗೆ ಟವೆಲ್ ಹೊದ್ದು, ಮೂಗೆಳೆದು, ಅದನ್ನೇ ಅವಳ ದನಿಯಲ್ಲಿ ಹೇಳಿದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ಆ ನಗು ತಲೆಗೇರಿ ಕೇಳಿಬಿಟ್ಟೆ: "ನಿನ್ ದೊಡ್ಡ ಮಗನ್ಗೂ ಚಿಕ್ಕುಡ್ಗ ಆಗಿದ್ದಾಗ ಹಾವೇ ಅಲ್ವಾ ಕಚ್ಚಿದ್ದು? ಅವ್ನ್ಯಾಕಜ್ಜಿ ಏಳ್ನಿಲ್ಲ?"

"ಮುಚ್ಲಾ ಬಾಯಿ!" ಎಂದು ಅವ್ವ ಕಡ್ಡಿ ಎತ್ತಿದಳು. ಅಜ್ಜಿ ಅವಳ ಕೈ ಹಿಡಿದು ತಡೆದಳು.

"ನನ್ ಮಗ ಏಳ್ನಿಲ್ಲ ಕಣ್ಲಾ. ಅದ್ಕೇ ದಿನಾ ಇದ್ನ ಓದೋದು, ಒಬ್ಬಳ ಮಗನಾದ್ರೂ ಎದ್ನಲ್ಲ ಅಂತ."