ನೀಲಿ ಕಾಗದದ ಕೆಳಗಿನ ಊರು

ಬಿ.ಎಡ್. ಓದುವ ನಾವು ಪ್ರತಿ ಅಭ್ಯಾಸ ಪಾಠ ಮುಗಿದ ಮೇಲೆ ಒಂದು ಪುಟ ಬರೆಯಬೇಕು... "ನನ್ನ ಪಾಠದಲ್ಲಿ ಏನು ಉಳಿದುಹೋಯಿತು?" ಎಂದು.

ಎಂಟು ಪಾಠಗಳಿಗೂ ನಾನು ಬರೆದದ್ದು ಒಂದೇ ಸಾಲು. "ಏನೂ ಉಳಿಯಲಿಲ್ಲ."

ಒಂಬತ್ತನೆಯ ಪುಟದ ಕಥೆ ಬೇರೆ...

ಕೃಷ್ಣೆಯ ಹಿನ್ನೀರಿನ ದಂಡೆ. ಮುಳುಗಡೆಯಾದ ಹಳ್ಳಿಗಳ ಜನರನ್ನು ತಂದು ನೆಲೆ ಮಾಡಿಸಿದ ಹೊಸ ಊರು. ಅದರ ಎರಡು ಬದಿಗೂ ನೀರು.

ಅಲ್ಲಿನ ಶಾಲೆಯಲ್ಲಿ ಆರನೇ ತರಗತಿಗೆ ನಾನು ಇತಿಹಾಸ ಹೇಳಬೇಕಿತ್ತು. ಪಾಠ, "ನಮ್ಮ ತಾಲೂಕು, ಅಂದು ಮತ್ತು ಇಂದು".

ಭಾನುವಾರ ಇಡೀ ದಿನ ಕೂತು ಚಾರ್ಟ್ ಮಾಡಿದ್ದೆ. ಕಾಲೇಜಿನ ಹಳೆಯ ನಕಾಶೆಯನ್ನು ಟ್ರೇಸ್ ಮಾಡಿ, ಊರುಗಳ ಹೆಸರನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದೆ. ಆಮೇಲೆ ಈಗ ನೀರು ನಿಂತಿರುವ ಜಾಗದ ಮೇಲೆ ನೀಲಿ ಕಾಗದ ಕತ್ತರಿಸಿ ಅಂಟಿಸಿದೆ.

ಚಂದ ಕಾಣುತ್ತಿತ್ತು...

ಹಿಂದಿನ ಬೆಂಚಿನಲ್ಲಿ ನಮ್ಮ ಮೇಲ್ವಿಚಾರಕ ಸರ್ ಗಡಿಯಾರ ನೋಡುತ್ತ ಕೂತಿದ್ದರು. ನಲವತ್ತು ನಿಮಿಷದ ಪಾಠ. ಮೂವತ್ತೊಂದನೆಯ ನಿಮಿಷಕ್ಕೆ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಭಾಗ್ಯಶ್ರೀ.

"ಟೀಚರ್, ನಮ್ಮೂರ ಎಲ್ಲೈತ್ರಿ?"

"ಇಲ್ಲೇ ಐತಲ್ಲ" ಎಂದು ಶಾಲೆಯ ಚುಕ್ಕೆ ತೋರಿಸಿದೆ.

"ಇದಲ್ರಿ... ಹಳೇ ಊರು. ಬನ್ನಿಗಡ್ಡಿ."

"ಈಜಿಕೊಂತ ಹೋಗಿ ನೋಡಿ ಬಾ!" ಎಂದ ಯಾರೋ. ತರಗತಿಯೆಲ್ಲ ನಕ್ಕಿತು.

ನನಗೆ ಉಳಿದಿದ್ದು ಒಂಬತ್ತು ನಿಮಿಷ. ಪ್ರಶ್ನೋತ್ತರ ಮುಗಿಸಬೇಕಿತ್ತು...

"ಅಲ್ಲೀಗ ಬರೇ ನೀರದ. ಪಾಠದಾಗ ಬರೂದಿಲ್ಲ. ಕೂಡು."

ಅವಳು ಕೂತಳು. ಬೆಲ್ಲಿಗೆ ಸರಿಯಾಗಿ ಪಾಠ ಮುಗಿಯಿತು. "ಸಮಯಪಾಲನೆ ಉತ್ತಮ" ಎಂದು ಸರ್ ಬರೆದು ಹೋದರು.

ಊಟದ ಬಿಡುವಿನ ನಂತರ ಚಾರ್ಟ್ ಸುತ್ತಿಡಲು ತರಗತಿಗೆ ಹೋದೆ. ಒಳಗೆ ಅಡುಗೆಯ ನಿಂಬೆವ್ವ ನಿಂತಿದ್ದಳು. ಆ ಶಾಲೆಯ ಮಕ್ಕಳಿಗೆ ದಿನಾ ಅನ್ನ ಸಾರು ಬಡಿಸುವವಳು. ಬೆರಳು ನನ್ನ ನೀಲಿ ಕಾಗದದ ಮೇಲೆ ನಿಧಾನ ಹರಿದಾಡುತ್ತಿತ್ತು...

ನನ್ನನ್ನು ಕಂಡು ಬೆಚ್ಚಿದಳು. "ಸಿಟ್ಟಾಗಬ್ಯಾಡ್ರಿ ಅಕ್ಕಾರ, ಕೈ ತೊಳಕೊಂಡೇ ಮುಟ್ಟೀನಿ."

"ಏನ ನೋಡಾಕತ್ತೀ ಆಯಿ?"

"ಭಾಗ್ಯಶ್ರೀ ನನ್ನ ಮೊಮ್ಮಗಳರಿ. ಬನ್ನಿಗಡ್ಡಿ ಯಾವ ದಿಕ್ಕಿಗೆ ಬರತೈತಿ ಅಂತ ಕೇಳ್ಕೊಂಡು ಬಾ ಅಂದು ನಾನ ಹೇಳಿ ಕಳಿಸಿದ್ದೆ... ಪಾಠದಾಗ ಇಲ್ಲಂತ ಬಂದು ಹೇಳಿದ್ಲು."

ಅವಳ ಪಕ್ಕಕ್ಕೆ ಹೋಗಿ ನಿಂತೆ.

"ದಿಕ್ಕು ಯಾಕ ಬೇಕಿತ್ತು?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು...

"ಊರು ಬಿಡೂಮುಂದ ಮನಿ ಬಾಗಲಾ ಕಿತ್ಕೊಂಡು ಬಂದ್ವಿ, ತೊಲಿ ಕಿತ್ಕೊಂಡು ಬಂದ್ವಿ. ನನ್ನ ಮೂರು ವರ್ಷದ ಮಗಳು ಅಲ್ಲೇ ಹೊಲದಾಗ ಮಣ್ಣಾಗಿದ್ಲರಿ... ಆಕೀನ್ನ ಹ್ಯಾಂಗ ತರೂದು?"

ಅವಳೇ ಮುಂದುವರಿಸಿದಳು. "ಲಾರಿಯೊಳಗ ಕುಂಡ್ರಿಸಿ ಎಲ್ಲೆಲ್ಲೋ ಸುತ್ತಿಸಿ ಇಲ್ಲಿ ತಂದು ಬಿಟ್ರು. ದಿಕ್ಕ ತಪ್ಪಿಹೋತು. ಯಾರನ್ನ ಕೇಳಿದ್ರೂ ಒಬ್ಬೊಬ್ರು ಒಂದೊಂದು ಕಡಿ ತೋರಸ್ತಾರ. ಅಮಾಸಿಗೊಮ್ಮೆ ದಂಡಿಗಿ ಹೋಗಿ ಎಲಿ ಮ್ಯಾಲೆ ಹೋಳಿಗಿ ಇಟ್ಟು ಆಕೀಗೆ ಎಡಿ ಇಡತೀನಿ. ಎಲ್ಲಾ ಕಡಿ ನೀರ... ಇಪ್ಪತ್ತೈದು ವರ್ಷ ಅಂದಾಜಿನ್ಯಾಗ ಇಟ್ಟೀನಿ ಅಕ್ಕಾರ."

ಆ ಚಾರ್ಟನ್ನು ಮರುದಿನ ಸರ್ ಕೈಗೆ ಒಪ್ಪಿಸಬೇಕಿತ್ತು. ಅದಕ್ಕೆ ಅಂಕಗಳಿದ್ದವು.

ಆದರೂ ಕರವಸ್ತ್ರ ಒದ್ದೆ ಮಾಡಿ ತಂದು ನೀಲಿ ಕಾಗದದ ಮೇಲೆ ಒತ್ತಿದೆ. ಅಂಟು ಮೆತ್ತಗಾಯಿತು. ತುದಿ ಹಿಡಿದು ಎಬ್ಬಿಸಿದೆ... ಕಾಗದ ಚೂರು ಚೂರಾಗಿ ಬಂತು.

ಪೆನ್ಸಿಲ್ ಅಕ್ಷರ ನೀರಿಗೆ ಅಳಿದಿರಲಿಲ್ಲ.

"ಓದ್ರಿ."

"ಬನ್ನಿಗಡ್ಡಿ."

"ಇನ್ನೊಮ್ಮೆ ಓದ್ರಿ ಅಕ್ಕಾರ..."

ಓದಿದೆ. ಅಕ್ಷರ ಬಾರದ ಅವಳ ತುಟಿ ನನ್ನ ಜೊತೆ ಅಲುಗಿತು.

ಶಾಲೆಯ ಚುಕ್ಕೆಯಿಂದ ಆ ಚುಕ್ಕೆಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಚಾರ್ಟ್ ಹಿಡಿದು ಇಬ್ಬರೂ ಅಂಗಳಕ್ಕೆ ಬಂದೆವು. ಸೂರ್ಯನನ್ನು ನೋಡಿ ದಿಕ್ಕು ಹೊಂದಿಸಿಕೊಂಡೆ. ಪಡುವಣಕ್ಕೆ, ನೀರಿನ ಟ್ಯಾಂಕಿನ ಎಡಕ್ಕೆ, ಜಾಲಿ ಗಿಡದ ನೆತ್ತಿ ಹಾದು ನೇರ...

"ಅಲ್ಲಿ, ಆಯಿ. ಒಂಬತ್ತು ಕಿಲೋಮೀಟರ್."

ನಿಂಬೆವ್ವ ಆ ಕಡೆ ನೋಡಿದಳು. ತಿರುಗಿ ಮೂಡಣ ದಂಡೆಯ ಕಡೆ ನೋಡಿದಳು. ಮುಖ ಕಳೆಗುಂದಿತು.

"ನಾ ಎಡಿ ಇಡತಿದ್ದದ್ದು ಆ ದಂಡಿಗಿ ರೀ... ಇಷ್ಟು ವರ್ಷ ನನ್ನ ಕೂಸಿಗೆ ಬೆನ್ನು ಮಾಡಿ ಕುಂತಿದ್ದೆನಲ್ಲ!"

ಅಂಗಳದಲ್ಲೇ ಕುಸಿದು ಕೂತಳು. ಪಕ್ಕದಲ್ಲಿ ಕೂತೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ಮೂರು ವರ್ಷದ ಕೂಸು ಅವ್ವನ ಬೆನ್ನ ಮ್ಯಾಲೇ ಇರೂದು ಅಲ್ಲೇನು ಆಯಿ?"

ನನ್ನನ್ನೇ ನೋಡಿದಳು. ಕಣ್ಣೀರಿನ ನಡುವೆಯೇ ಸಣ್ಣಗೆ ನಕ್ಕಳು...

"ಹೌದ್ರಿ. ಇಳೀ ಅಂದ್ರೂ ಇಳೀತಿರಲಿಲ್ಲ."

ಮರುದಿನ ಸರ್ ಚಾರ್ಟ್ ನೋಡಿ, "ಇದೇನವಾ, ಇಲಿ ಕಡೀತೇನು?" ಎಂದರು. ಐದಕ್ಕೆ ಎರಡು ಅಂಕ ಹಾಕಿದರು. ನಾನು ವಾದಿಸಲಿಲ್ಲ.

ಅದೇ ಹರಿದ ಚಾರ್ಟನ್ನು ಮತ್ತೆ ತರಗತಿಯಲ್ಲಿ ತೂಗುಹಾಕಿ ಭಾಗ್ಯಶ್ರೀಯನ್ನು ಕರೆದೆ. "ನಿಮ್ಮೂರು ತೋರಿಸು" ಎಂದೆ. ತೋರಿಸಿದಳು. ಅಂದು ಯಾರೂ ನಗಲಿಲ್ಲ. "ಟೀಚರ್, ನಮ್ಮೂರು?" "ನಮ್ದು?" ಎಂದು ಉಳಿದ ಮಕ್ಕಳೂ ಬೆಂಚು ಬಿಟ್ಟು ಎದ್ದು ಬಂದರು...

ಅಮಾವಾಸ್ಯೆಯ ಬೆಳಿಗ್ಗೆ ನಾನು ಶಾಲೆಗೆ ಬಂದಾಗ ಅಂಗಳದ ಪಡುವಣ ಗೋಡೆಯ ಮೇಲೆ ಮುತ್ತುಗದ ಎಲೆಯೊಂದಿತ್ತು. ಅದರಲ್ಲಿ ಒಂದು ತುಂಡು ಹೋಳಿಗೆ. ಎಲೆಯ ತುದಿ ಜಾಲಿ ಗಿಡದ ಕಡೆಗಿತ್ತು.

ಒಂಬತ್ತನೆಯ ಪುಟದಲ್ಲಿ ನಾನು ಹೀಗೆ ಬರೆದೆ... "ಒಂದು ಊರು ಉಳಿದುಹೋಗಿತ್ತು."

ಮಗು ಎದ್ದುನಿಂತು ಕೇಳುವ ಪ್ರಶ್ನೆಗೆ, ಮನೆಯಲ್ಲಿ ಯಾರೋ ವರ್ಷಗಳಿಂದ ಉತ್ತರಕ್ಕಾಗಿ ಕಾಯುತ್ತಿರಬಹುದು.

ಇವತ್ತು ನೀವು "ಕೂಡು, ಆಮೇಲೆ ನೋಡೋಣ" ಎಂದು ಕೂರಿಸಿದ ಪ್ರಶ್ನೆ ಯಾರದಿರಬಹುದು?