ಹೆಸರು ಹೇಳದ ದೂರು

ನಾಲ್ಕನೇ ದಿನವೂ ಬಸ್ಸು ನಿಲ್ಲಲಿಲ್ಲ. ಅಂದು ಮಧ್ಯಾಹ್ನ ಶಾಮಲಮ್ಮ ಮುಳಬಾಗಿಲಿನ ಬಸ್ ಕಂಪನಿಯ ಕಚೇರಿಗೆ ನುಗ್ಗಿ, ಮ್ಯಾನೇಜರ್ ವೇಣುಗೋಪಾಲ್ ಎದುರಿನ ಕುರ್ಚಿಯನ್ನು ಕೇಳದೆಯೇ ಎಳೆದುಕೊಂಡು ಕೂತರು.

"ತಾಯಲೂರು ಕಡೆಯಿಂದ ಬರೋ ಏಳೂವರೆ ಬಸ್ಸು ಸಾರ್. ನಮ್ಮೂರ ಗೇಟ್ ಹತ್ರ ಕೈ ಅಡ್ಡ ಹಾಕಿದ್ರೆ ನೋಡ್ತಾರೆ, ನಗ್ತಾರೆ, ಹಾರನ್ ಹೊಡೀತಾರೆ, ಹೋಗೇಬಿಡ್ತಾರೆ!"

"ನಗ್ತಾನಾ?" ವೇಣುಗೋಪಾಲ್ ಪೆನ್ನಿನ ಮುಚ್ಚಳ ತೆಗೆದರು.

ಶಾಮಲಮ್ಮ ಪೇಟೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಇನ್ನೊಂದು ದಿನ ತಡವಾದರೆ ಬೇರೆಯವರನ್ನು ಹಾಕಿಕೊಳ್ಳುವುದಾಗಿ ಹೆಡ್‌ಮಾಸ್ಟರು ಹೇಳಿಯಾಗಿತ್ತು. ವೇಣುಗೋಪಾಲ್ ನಿಲುಗಡೆಗಳ ಪಟ್ಟಿ ತೆಗೆದು ನೋಡಿದರು. ಆ ಗೇಟು ಪಟ್ಟಿಯಲ್ಲಿತ್ತು. ತಪ್ಪು ಡ್ರೈವರನದೇ.

"ಅವನ ಹೆಸರೇನಮ್ಮ?"

ಶಾಮಲಮ್ಮ ಕಿಟಕಿಯ ಕಡೆ ತಿರುಗಿದರು.

"ಆ ಬಸ್ಸಿಗೆ ಇಬ್ರಿದ್ದಾರೆ. ನಂದೀಶನಾ?"

"ಅಲ್ಲ."

"ಹಂಗಾದ್ರೆ ಕೋದಂಡರಾಮಪ್ಪ."

ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದರು.

ವೇಣುಗೋಪಾಲ್ ಕೆರಳಿದರು. ಹೆಸರು ಕೇಳಿದರೇ ಹೀಗೆ ಮುದುಡಬೇಕಾದರೆ ಅವನು ಈ ಹೆಂಗಸಿಗೆ ಎಷ್ಟು ಕಾಟ ಕೊಟ್ಟಿರಬೇಕು!

"ಹೆದರಬೇಡಿ. ಬಾಯಿಬಿಟ್ಟು ಹೇಳಿ."

"ನಂಗೇನು ಹೆದರಿಕೆ? ಸಂಜೆಗೆ ಅವರು ಹೆದರಬೇಕು."

"ಸಂಜೆವರೆಗೂ ಯಾಕೆ? ಈಗಲೇ ಕೆಲಸದಿಂದ ಕಿತ್ತು ಹಾಕ್ತೀನಿ."

ಶಾಮಲಮ್ಮ ಎದ್ದೇಬಿಟ್ಟರು. "ಅಯ್ಯೋ, ಬ್ಯಾಡಿ ಸಾರ್! ಮಕ್ಕಳೊಂದಿಗರು. ಒಂದು ನಿಮಿಷ ಬಸ್ ನಿಲ್ಸಿದ್ರೆ ಸಾಕು, ಇನ್ನೇನೂ ಬ್ಯಾಡ."

ಎಂಥ ದೊಡ್ಡ ಮನಸ್ಸು! ವೇಣುಗೋಪಾಲ್ ಕರಗಿದರು. ನಾಳೆಯಿಂದ ಆ ಗೇಟಿನಲ್ಲಿ ಬಸ್ಸು ನಿಲ್ಲಲೇಬೇಕೆಂದು ಬರೆದು ಸೀಲು ಒತ್ತಿದರು. ಹೆಡ್‌ಮಾಸ್ಟರಿಗೂ ತಾವೇ ಫೋನ್ ಮಾಡಿ, ತಪ್ಪು ಕಂಪನಿಯದು, ಆಯಮ್ಮನದಲ್ಲ ಎಂದರು. ಕೆಲಸ ಉಳಿಯಿತು. ಶಾಮಲಮ್ಮ ಕಾಗದದ ಒಂದು ಪ್ರತಿ ಇಸಿದುಕೊಂಡು, ನಗು ತಡೆಯಲಾರದೆ ಮೆಟ್ಟಿಲಿಳಿದರು.

ಸಂಜೆ ಟ್ರಿಪ್ ಮುಗಿಸಿದ ಕೋದಂಡರಾಮಪ್ಪನಿಗೆ ಕರೆ ಹೋಯಿತು.

"ಏನ್ಲಾ, ನಿಂತಿರೋದು ಬಡಪಾಯಿ ಹೆಂಗಸು. ಬಸ್ ನಿಲ್ಲಿಸೋಕೆ ನಿಂಗೇನು ರೋಗ?"

"ಆ ಗೇಟಲ್ಲಿ ಹತ್ತೋದು ಅವಳೊಬ್ಬಳೇ ಸಾರ್." ಕೋದಂಡರಾಮಪ್ಪ ನಾಚಿ ಕತ್ತು ಕೆರೆದುಕೊಂಡ. "ಹೆಂಡ್ತಿ ಕೈ ಎತ್ತಿದ ತಕ್ಷಣ ಬ್ರೇಕ್ ಒತ್ತುತಾನೆ ಅಂತ ಬಸ್ಸಿನೋರೆಲ್ಲ ಆಡ್ಕೊಳ್ಳಲ್ವಾ?"